ಕೋಡಿಯ ಮರಳಿನಲ್ಲಿ ಒಂದು ಹೊಸ್ತಿಲು

ನನಗೆ ನಾಯಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಣ್ಣವಳಿದ್ದಾಗ ಕಚ್ಚಿಸಿಕೊಂಡು ಹೊಕ್ಕುಳ ಸುತ್ತ ಇಂಜೆಕ್ಷನ್ ಹಾಕಿಸಿಕೊಂಡವಳು ನಾನು. ಇವತ್ತಿಗೂ ದಾರಿಯಲ್ಲಿ ನಾಯಿ ಮಲಗಿದ್ದರೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಇಂಥ ನಾನು ವರ್ಷಗಟ್ಟಲೆ ಭಾನುವಾರ ಬೆಳಿಗ್ಗೆ ಕೋಡಿಯ ಕಡಲತಡಿಯಲ್ಲಿ ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದು ಕೈಯಲ್ಲಿ ಒಣಮೀನಿನ ಚೀಲ ಹಿಡಿದುಕೊಂಡು ನಾಯಿ ಓಡುವುದನ್ನು ನೋಡುತ್ತ ನಿಂತೆ ಅಂದರೆ, ನಿಲ್ಲಿಸಿದವರು ಎಂಥ ಗಟ್ಟಿ ಹೆಂಗಸಾಗಿದ್ದಿರಬೇಕು, ನೀವೇ ಲೆಕ್ಕ ಹಾಕಿ. ಅವರು ತೀರಿಕೊಂಡು ತಿಂಗಳಾಯಿತು. ಭಾನುವಾರ ಬಂತೆಂದರೆ ನನಗೆ ಈಗಲೂ ಬೆಳಿಗ್ಗೆ ಬೇಗ ಎಚ್ಚರವಾಗಿಬಿಡುತ್ತದೆ, ಎದ್ದು ಏನು ಮಾಡುವುದು ಅಂತ ಗೊತ್ತಾಗುವುದಿಲ್ಲ.

ತೊಂಬತ್ತೇಳರಲ್ಲಿ ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿಗೆ ನಾನು ಲೆಕ್ಕದ ಟೀಚರಾಗಿ ಬಂದೆ. ಅವರು ಅಲ್ಲಿ ಪಿ.ಟಿ. ಟೀಚರು. ನಮ್ಮ ಪರಿಚಯ ಆದದ್ದೇ ಜಗಳದಲ್ಲಿ. ಪರೀಕ್ಷೆ ಹತ್ತಿರ ಬಂದಾಗ ಪಿ.ಟಿ. ಪೀರಿಯಡ್ಡನ್ನು ಲೆಕ್ಕದವರಿಗೆ ಕೊಡುವುದು ಎಲ್ಲ ಶಾಲೆಯಲ್ಲೂ ನಡೆದು ಬಂದ ಪದ್ಧತಿ. ನಾನೂ ಸಲೀಸಾಗಿ ಕೇಳಿದೆ. ಅವರು ಕುತ್ತಿಗೆಯ ಸೀಟಿಯನ್ನು ಒಮ್ಮೆ ತಿರುಗಿಸಿ ನನ್ನ ಮುಖ ನೋಡಿದರು.

"ಕೊಡ್ತಿಲ್ಲೆ. ನಿಮ್ಮ್ ಲೆಕ್ಕ ಮನೇಲ್ ಕೂಕಂಡೂ ಮಾಡ್ಲಕ್. ಓಡೂಕೆ ನನ್ನ್ ಹತ್ರವೇ ಬರ್ಕ್."

ಹೆಡ್ಮಾಸ್ಟರರ ತನಕ ಹೋದೆ. ಹೆಡ್ಮಾಸ್ಟರು ಅವರಿಗೆ ನನಗಿಂತ ಹೆಚ್ಚು ಹೆದರುತ್ತಿದ್ದರು, ಪಾಪ. ಪೀರಿಯಡ್ಡು ಸಿಗಲಿಲ್ಲ. ಸಿಟ್ಟಿನಲ್ಲಿ ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತ ಕುಳಿತರೆ, ಹೊರಗೆ ಉದ್ದಜಿಗಿತ ನಡೆಯುತ್ತಿತ್ತು. ಒಬ್ಬಳು ಹುಡುಗಿ ಓಡಿ ಬಂದು ಗೆರೆಯ ಹತ್ತಿರ ಗಕ್ಕನೆ ನಿಲ್ಲುತ್ತಿದ್ದಳು. ಪ್ರತಿ ಸಲವೂ ಹಾಗೇ. ಇವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅಡ್ಡಿಲ್ಲ, ಇನ್ನೊಂದ್ ಸರ್ತಿ," ಅಂದರು, ಅಷ್ಟೇ. ಬೆಲ್ಲು ಹೊಡೆಯಿತು, ಮಕ್ಕಳೆಲ್ಲ ಹೋದರು, ಆ ಹುಡುಗಿ ಮತ್ತು ಇವರು ಇಬ್ಬರೇ ಉಳಿದರು. "ಅಡ್ಡಿಲ್ಲ, ಇನ್ನೊಂದ್ ಸರ್ತಿ." ಕೊನೆಗೂ ಆ ಹುಡುಗಿ ಹಾರಿದಳು. ಹಾರಿದ್ದು ಹೆಚ್ಚೇನೂ ದೂರ ಇರಲಿಲ್ಲ. ಇವರು ಮಾತ್ರ ಬಂಗಾರದ ಪದಕ ಬಂದವರ ಹಾಗೆ ಸೀಟಿ ಊದಿದರು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಅವರು ಬೈಂದೂರಿನ ಹೆಣ್ಣು, ಕೊಟ್ಟದ್ದು ತಲ್ಲೂರಿಗೆ. ಗಂಡನದು ಪುಣೆಯಲ್ಲಿ ಹೋಟೆಲು. ಒಬ್ಬಳೇ ಮಗಳು, ಮದುವೆಯಾಗಿ ಅವಳೂ ಆ ಕಡೆಗೇ ಹೋದಳು. ತಲ್ಲೂರಿನ ಮನೆಯಲ್ಲಿ ಇವರು ಮತ್ತು ಅತ್ತೆ. ಬೈಂದೂರಿನ ತವರಿನಲ್ಲಿ ನಾಯಿಗಳು ಮಂಚದ ಕೆಳಗೇ ಮಲಗುತ್ತಿದ್ದವಂತೆ. ತಲ್ಲೂರಿನಲ್ಲಿ ಹಾಗಲ್ಲ, ಅಲ್ಲಿ ಅತ್ತೆಯ ಕಾನೂನು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಎಲ್ಲ ಕಷ್ಟ ಹುಟ್ಟಿದ್ದು ಅಲ್ಲಿಂದಲೇ.

ನಾಯಿ ಓಡಿಸುವ ಈ ಹುಚ್ಚು ಅವರಿಗೆ ಹಿಡಿದದ್ದು ಟೀವಿಯಿಂದ. ಊರಿಗೆ ಕೇಬಲ್ಲು ಬಂದ ಹೊಸತು. ಒಂದು ಶನಿವಾರ ನಾನು ಅವರ ಮನೆಗೆ ಹೋದಾಗ ಜಗಲಿಯಿಂದಲೇ ಕೂಗಿ ಕರೆದರು. "ಹ್ವಾಯ್ ಲೆಕ್ಕದ ಟೀಚರೆ, ಓಡಿ ಬನ್ನಿ, ಇಲ್ಲ್ ಕಾಣಿ!" ಯಾವುದೋ ದೇಶದ ಹಸಿರು ಮೈದಾನ. ಒಂದು ನಾಯಿ ಅಡ್ಡಕೋಲು ಹಾರುತ್ತದೆ, ಟಯರಿನೊಳಗೆ ತೂರುತ್ತದೆ, ಬಟ್ಟೆಯ ಕೊಳವೆಯಲ್ಲಿ ನುಗ್ಗಿ ಆಚೆ ಬರುತ್ತದೆ, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನ ಹಾಗೆ ಸುಳಿಯುತ್ತದೆ. ಪಕ್ಕದಲ್ಲಿ ಯಜಮಾನ ಓಡುತ್ತಿದ್ದಾನೆ. ಕೋಲು ಬಿದ್ದರೆ ತಪ್ಪು, ನಾಯಿ ಹಾರದೆ ನಿಂತರೆ ತಪ್ಪು, ಹಾಗೆ ಮೂರು ಸಲ ನಿಂತರೆ ಆಟದಿಂದಲೇ ಹೊರಗೆ.

"ಇದ್ ನಮ್ಮ್ ನಾಯಿಗ್ ಎಂತಕ್ ಬತ್ತಿಲ್ಲೆ?" ಅಂದರು.

"ಅದು ಜಾತಿನಾಯಿ ಮಾರಾಯ್ರೆ. ನಿಮ್ಮದು ಗಂಜಿ ಕುಡಿದು ಬಿಸಿಲಿಗೆ ಬಿದ್ದುಕೊಳ್ಳುವ ನಾಯಿ."

"ಕಾಂಬ," ಅಂದರು. ಅವರ ಬಾಯಲ್ಲಿ 'ಕಾಂಬ' ಬಂತು ಅಂದರೆ ಮುಗಿಯಿತು. ನೋಡೋಣ ಎನ್ನುವ ಆ ಮಾತನ್ನು ನಾವೆಲ್ಲ ತಪ್ಪಿಸಿಕೊಳ್ಳುವುದಕ್ಕೆ ಹೇಳುತ್ತೇವೆ. ಅವರು ಹೇಳಿದರೆ ಮರುದಿನವೇ ಕೆಲಸ ಶುರು.

ಕೋಡಿಯ ಮರಳನ್ನೇ ಆರಿಸಿದರು, ನಾಯಿ ಬಿದ್ದರೂ ಪೆಟ್ಟಾಗುವುದಿಲ್ಲ, ಕಾಲೂ ಗಟ್ಟಿಯಾಗುತ್ತದೆ ಅಂತ. ಗಾಳಿಮರದ ಕೋಲು, ಲಾರಿಯ ಹಳೇ ಟಯರು, ಎರಡೂ ಬದಿ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮು, ಅಡ್ಡ ಇಡುವುದಕ್ಕೆ ಬಿದಿರು. ಇದಿಷ್ಟನ್ನೂ ಅಲ್ಲೇ ಒಂದು ಮೀನುಗಾರರ ಮನೆಯ ಹಿಂದೆ ಇಟ್ಟಿದ್ದರು. ಭಾನುವಾರ ಬೆಳಿಗ್ಗೆ ತಲ್ಲೂರಿನಿಂದ ಮೊಪೆಡ್ಡಿನಲ್ಲಿ ಹೊರಡುವುದು. ಕಾಲಿಡುವ ಜಾಗದಲ್ಲಿ ನಾಯಿ, ಹಿಂದಿನ ಸೀಟಿನಲ್ಲಿ ನಾನು. ನನಗೂ ನಾಯಿಗೂ ನಡುವೆ ಅವರೊಬ್ಬರೇ ಗೋಡೆ. ಇನಾಮು ಅಂತ ಒಣ ಚಟ್ಲಿ, ಅಂದರೆ ಒಣಗಿಸಿದ ಸಿಗಡಿ. ಮೀನಿನ ಹೆಸರೆತ್ತಬಾರದ ಮನೆಯವಳು ನಾನು, ಅದರ ಚೀಲ ನನ್ನ ಕೈಯಲ್ಲಿ! ಮನೆಗೆ ಹೋಗುವ ಮೊದಲು ಕೈಯನ್ನು ಮರಳು ಹಾಕಿ ತಿಕ್ಕುತ್ತಿದ್ದೆ.

ಮೊದಲ ನಾಯಿ ಚೆನ್ನಿ, ಆ ಗಂಜಿ ಕುಡಿಯುವವಳೇ. ಕೋಡಿಯಲ್ಲೇ ಅಲೆದುಕೊಂಡಿದ್ದದ್ದನ್ನು ತಂದು ಸಾಕಿದ್ದು. ಬುದ್ಧಿ ಚುರುಕು, ಮೈ ಭಾರ. ಎಲ್ಲ ಕಲಿತಳು, ಆದರೆ ಸ್ಪರ್ಧೆಯ ಮೈದಾನದ ಧ್ವನಿವರ್ಧಕ ಕೇಳಿದ್ದೇ ತಡ, ಬಾಲ ಮುದುರಿ ಕುರ್ಚಿಗಳ ಅಡಿಗೆ ಸೇರಿಕೊಂಡಳು. "ಅಡ್ಡಿಲ್ಲ," ಅಂದರು. ಅಷ್ಟರಲ್ಲಿ ಚೆನ್ನಿಗೆ ಮರಿಗಳಾದವು. ಅದರಲ್ಲೊಂದನ್ನು ಉಳಿಸಿಕೊಂಡರು. ಅವನೇ ದಾಸು. ಕೆಂಚು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋಲು. ಓಡಿದರೆ ಮಾತ್ರ, ಅಬ್ಬಬ್ಬ, ಸ್ಟಾಪ್‌ವಾಚಿನ ಗುಂಡಿ ಒತ್ತುವಷ್ಟರಲ್ಲಿ ಆಚೆ ತುದಿಯಲ್ಲಿರುತ್ತಿದ್ದ. ಪ್ರತಿಯೊಂದು ಜಿಗಿತಕ್ಕೂ ಇವರು "ಹಾರ್ ಮಗಾ!" ಅಂತ ಕೂಗುತ್ತಿದ್ದರು. ಅದೇ ಅವನಿಗೆ ಅಪ್ಪಣೆ.

ಮನೆಯ ಅಂಗಳದಲ್ಲೂ ಒಮ್ಮೊಮ್ಮೆ ಹಾಗೆ ಕೂಗುವುದು ಅತ್ತೆಯ ಕಿವಿಗೆ ಬೀಳುತ್ತಿತ್ತು. "ನಾಯಿಗ್ ಯಾರಾರೂ ಮಗಾ ಅಂತ್ರಾ? ಮಂಡೆ ಸಮ ಇತ್ತಾ ನಿಂಗೆ?"

ಅತ್ತೆ ಅಂದರೆ ಗಿಡ್ಡಗೆ, ಬಾಗಿದ ಬೆನ್ನಿನ, ಬಿಳೀ ತಲೆಯ ಅಜ್ಜಿ. ಕೆಟ್ಟವರಲ್ಲ. ದಾಸುವಿಗೆ ಮಧ್ಯಾಹ್ನ ಅನ್ನ ಹಾಕುತ್ತಿದ್ದದ್ದು ಅವರೇ, ಅದೂ ಮೀನಿನ ಸಾರು ಕಲಸಿ, ಮುಳ್ಳು ತೆಗೆದು. ಆದರೆ ಅನ್ನ ಹಾಕುವುದು ಹೊಸ್ತಿಲ ಈಚೆ ನಿಂತು, ನಾಯಿ ತಿನ್ನುವುದು ಆಚೆ. ಮರಿ ತೆವಳುವ ಕಾಲದಿಂದಲೂ ಅಜ್ಜಿ ಪೊರಕೆ ಹಿಡಿದು ಕೂತು ಕಲಿಸಿದ್ದರು: ಹೊಸ್ತಿಲು ಕಂಡ ಕೂಡಲೇ ಕೂರಬೇಕು, ಮುಖ ನೋಡಬೇಕು, ದಾಟಬಾರದು. ಪೊರಕೆಯನ್ನು ನೆಲಕ್ಕೆ ಬಡಿಯುತ್ತಿದ್ದರು, ನಾಯಿಯ ಮೈಗಲ್ಲ. "ಹೊಸ್ತಿಲ್ ಅಂದ್ರೆ ಲಕ್ಷ್ಮಿ. ನಾಯಿ ದಾಟೂಕಾಗ." ಮಳೆ ಇಳಿಯುವ ಸೋಣೆ ತಿಂಗಳು ಬಂತೆಂದರೆ ನಮ್ಮ ಕಡೆ ಹೆಂಗಸರು ದಿನಾ ಬೆಳಿಗ್ಗೆ ಹೊಸ್ತಿಲಿಗೆ ಬಿಳಿಯ ಶೇಡಿಮಣ್ಣಿನಲ್ಲಿ ಗೆರೆ ಬರೆದು, ಹೂ ಇಟ್ಟು ಪೂಜೆ ಮಾಡುತ್ತಾರಲ್ಲ, ಆ ಅಜ್ಜಿ ಬರೆದ ಹೊಸ್ತಿಲನ್ನು ನೋಡುವುದಕ್ಕೆ ಅಕ್ಕಪಕ್ಕದವರು ಬರುತ್ತಿದ್ದರು. ಕಾವಿಯ ಕೆಂಪು ಬಳಿದ ಮರ, ಅದರ ಮೇಲೆ ಬಿಳೀ ಗೆರೆ, ಒಂದಕ್ಕೊಂದು ತಾಗದ ಹಾಗೆ.

ದಾಸುವನ್ನು ಮಂಗಳೂರಿನ ಸ್ಪರ್ಧೆಗೆ ಕರೆದುಕೊಂಡು ಹೋದೆವು. ಚಂದ ನೋಡಿ ಬಹುಮಾನ ಕೊಡುವ ಸ್ಪರ್ಧೆಗೆ ಜಾತಿನಾಯಿಯೇ ಬೇಕು, ಈ ಓಟಕ್ಕೆ ಯಾವ ನಾಯಿಯಾದರೂ ಅಡ್ಡಿಯಿಲ್ಲ ಅಂತಿತ್ತು. ಸುತ್ತ ಎಲ್ಲ ಶಾಂಪೂ ಹಾಕಿ ಮೀಯಿಸಿದ ನಾಯಿಗಳು, ಕನ್ನಡಕ ಹಾಕಿದ ಯಜಮಾನರು. ಇವರು ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಕಾಲಿಗೆ ಕ್ಯಾನ್‌ವಾಸ್ ಶೂ ಹಾಕಿಕೊಂಡು ನಿಂತಿದ್ದರು. ಸೀಟಿ ಕೇಳಿತು. ದಾಸು ಬಾಣದ ಹಾಗೆ ಹೊರಟ. ಮೊದಲ ಜಿಗಿತಕ್ಕೆ ಅಲ್ಲಿ ಬಿದಿರಿರಲಿಲ್ಲ, ಅಗಲವಾದ ಹಲಗೆ ಇತ್ತು, ಕೆಂಪು ಬಣ್ಣ, ಮೇಲೆ ಬಿಳಿಯ ಪಟ್ಟೆ.

ಹಲಗೆಯ ಎದುರು ದಾಸು ಗಕ್ಕನೆ ನಿಂತ. ಕೂತ. ಬಾಲ ಆಡಿಸುತ್ತ ಇವರ ಮುಖವನ್ನೇ ನೋಡಿದ.

"ಹಾರ್ ಮಗಾ!" ಅವನು ಹಾರಲಿಲ್ಲ. ಬಾಲ ಇನ್ನೂ ಜೋರಾಗಿ ಆಡಿಸಿದ. ತಿರುಗಿ ಹಿಂದಿನಿಂದ ಓಡಿಸಿಕೊಂಡು ಬಂದರು. ಮತ್ತೆ ಕೂತ. ಮೂರನೆಯ ಸಲವೂ ಕೂತ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಕಿನವನು, "ನಾಯಿಗೆ ಊಟ ಆಗಿಲ್ಲ ಅಂತ ಕಾಣುತ್ತದೆ, ಯಾರಾದರೂ ಬಾಳೆಲೆ ಹಾಕಿ," ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೈಕು ಕಿತ್ತು ತೆಗೆಯೋಣ ಅನಿಸಿತು. ನಾಯಿ ಕಂಡರೆ ಆಗದ ನನಗೆ ಆ ನಾಯಿಯ ಪರವಾಗಿ ಅಷ್ಟು ಸಿಟ್ಟು ಯಾಕೆ ಬಂತೋ! ಅವರು ಮಾತ್ರ ದಾಸುವಿನ ತಲೆ ನೇವರಿಸಿ, ತೀರ್ಪುಗಾರರಿಗೆ ನಮಸ್ಕಾರ ಮಾಡಿ ಹೊರಗೆ ಬಂದರು. ಬಸ್ಸಿಗೆ ನಾಯಿ ಹತ್ತಿಸುವುದಿಲ್ಲ, ಬಾಡಿಗೆಯ ಗೂಡ್ಸ್ ರಿಕ್ಷಾದಲ್ಲಿ ವಾಪಸು. ಬ್ರಹ್ಮಾವರ ದಾಟಿದ ಮೇಲೆ ಒಂದೇ ಒಂದು ಮಾತು: "ಒಂದೇ ಒಂದ್ ಸರ್ತಿ ತಪ್ಪಿಲ್ದೆ ಓಡ್ಕ್ ಅಂವ. ಕಪ್ ಬೇಡ ನಂಗೆ. ತಪ್ಪಿಲ್ದೆ ಓಡ್ಕ್."

ಯಾಕೆ ಕೂತ ಅಂತ ವಾರವಿಡೀ ತಲೆ ಕೆಡಿಸಿಕೊಂಡೆವು. ಕೋಡಿಯಲ್ಲಿ ಬಿದಿರು ಹಾರುವುದರಲ್ಲಿ ಒಂದು ತಪ್ಪಿಲ್ಲ. ಉತ್ತರ ಸಿಕ್ಕಿದ್ದು ಮುಂದಿನ ಶನಿವಾರ, ಅವರ ಮನೆಯ ಜಗಲಿಯಲ್ಲಿ. ಒಳಗಿನಿಂದ ಅಜ್ಜಿ ಅನ್ನದ ತಟ್ಟೆ ಹಿಡಿದು ಬಂದರು. ಅಂಗಳದಲ್ಲಿದ್ದ ದಾಸು ಓಡಿ ಬಂದು ಹೊಸ್ತಿಲ ಎದುರು ಗಕ್ಕನೆ ನಿಂತ. ಕೂತ. ಬಾಲ ಆಡಿಸುತ್ತ ಅಜ್ಜಿಯ ಮುಖವನ್ನೇ ನೋಡಿದ. ಕೆಂಪು ಮರ, ಬಿಳೀ ಗೆರೆ.

ಟೀಚರು ಕುಡಿಯುತ್ತಿದ್ದ ಚಾದ ಲೋಟ ಕೆಳಗಿಟ್ಟರು. "ಹ್ವಾಯ್, ಕಂಡ್ರ್ಯಾ? ಅಂವ ಮಂಗ್ಳೂರಗೆ ಹಲ್ಗಿ ಕಂಡದ್ದಲ್ಲ. ಹೊಸ್ತಿಲ್ ಕಂಡದ್ದ್!" ಅಂತ ನಗುವುದಕ್ಕೆ ಶುರು ಮಾಡಿದವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಊರೆಲ್ಲ ನಕ್ಕದ್ದು ನಾಯಿಯ ಹಟಕ್ಕೆ. ನಾಯಿ ಮಾಡಿದ್ದು ಮರ್ಯಾದೆ.

ನಾನು ಸುಲಭದ ದಾರಿ ಹೇಳಿದೆ. ಅಜ್ಜಿ ದೇವಸ್ಥಾನಕ್ಕೆ ಹೋದಾಗ ನಾಲ್ಕು ಸಲ ಈ ಹೊಸ್ತಿಲನ್ನೇ ದಾಟಿಸಿದರಾಯಿತು, ಹೆದರಿಕೆ ಬಿಟ್ಟುಹೋಗುತ್ತದೆ, ಯಾರಿಗೆ ಗೊತ್ತಾಗುತ್ತದೆ? ಅವರು ನನ್ನನ್ನು ಪಿ.ಟಿ. ಪೀರಿಯಡ್ಡು ಕೇಳಿದ ದಿನ ನೋಡಿದ ಹಾಗೆಯೇ ನೋಡಿದರು.

"ಅದಾತಿಲ್ಲೆ. ಅತ್ತೆ ಕಲ್ಸದ್ದ್ ತಪ್ಪಲ್ಲ. ನಾ ಕಲ್ಸದ್ದ್ ಸಾಕಾಯ್ಲಿಲ್ಲ, ಅಷ್ಟೇ. ಅವಂಗೆ ಎರಡೂ ಗೊತ್ತಾಯ್ಕ್, ಎಲ್ಲಿ ನಿಲ್ಕ್, ಎಲ್ಲಿ ಹಾರ್ಕ್ ಅಂತ."

ಬ್ರಹ್ಮಾವರದ ಹತ್ತಿರ ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹೋಗಿ ಅದರ ಹೊಸ್ತಿಲನ್ನು ಕೇಳಿ ತಂದರು. ಹಲಸಿನ ಮರದ್ದು, ಹೆಣಭಾರ. ಅದನ್ನು ಮೊಪೆಡ್ಡಿಗೆ ಅಡ್ಡ ಕಟ್ಟಿಕೊಂಡು ಹೆದ್ದಾರಿಯಲ್ಲಿ ಕೋಡಿಯ ತನಕ ಬಂದರು, ಮಾರಾಯ್ರೆ! ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಹೊಡೆದು ಸುಸ್ತಾದ. ಮರಳಿನಲ್ಲಿ ಎರಡು ಕಲ್ಲಿಟ್ಟು ಅದರ ಮೇಲೆ ಹೊಸ್ತಿಲು ಹೂಡಿ, ಕೆಂಪು ಬಳಿದು, ಕೈಯಾರೆ ಶೇಡಿ ಬರೆದರು. ದಾಸು ಬಂದ, ಕೂತ, ಬಾಲ ಆಡಿಸಿದ. "ಅಡ್ಡಿಲ್ಲ, ಇನ್ನೊಂದ್ ಸರ್ತಿ." ಒಂದು ಭಾನುವಾರವಲ್ಲ, ಎರಡಲ್ಲ, ಚಳಿ ಹೋಗಿ ಸೆಕೆ ಬಂತು. ಗದರಿಸಲಿಲ್ಲ, ಎಳೆಯಲಿಲ್ಲ. ಚಟ್ಲಿಯನ್ನು ಆಚೆ ಬದಿಗೆ ಹಾಕೋಣ ಅಂದರೆ ಅದೂ ಬೇಡವಂತೆ. "ಆಸಿಗ್ ಹಾರುದ್ ಬೇಡ. ನಾ ಹೇಳ್ದೆ ಅಂತ ಹಾರ್ಕ್." ನನಗಂತೂ ಸಾಕಾಗಿ ಹೋಗಿತ್ತು. ಬಿಡಿ ಟೀಚರೆ, ನಾಯಿಗೂ ಒಂದು ಜಾತಕ ಇರುತ್ತದೆ ಅಂದೆ. ಅವರು ಆಗಲೇ ದಾಸುವನ್ನು ಹಿಂದಕ್ಕೆ ಕರೆದುಕೊಂಡು ಹೊರಟಿದ್ದರು.

ಈ ಸುದ್ದಿ ಮೀನು ಮಾರುವವರ ಬುಟ್ಟಿಯೊಂದಿಗೆ ತಲ್ಲೂರಿಗೆ ಮುಟ್ಟಿತು. ನಿಮ್ಮ ಸೊಸೆ ಕಡಲ ಬದಿಯಲ್ಲಿ ಹೊಸ್ತಿಲು ಇಟ್ಟು ನಾಯಿ ಹಾರಿಸುತ್ತಿದ್ದಾರೆ ಅಂತ. ಮುಂದಿನ ಭಾನುವಾರ ಒಂದು ರಿಕ್ಷಾ ಬಂದು ನಿಂತಿತು. ಅದರಿಂದ ಅಜ್ಜಿ ಇಳಿದರು. ನಾನು ಚಟ್ಲಿಯ ಚೀಲವನ್ನು ಬೆನ್ನ ಹಿಂದೆ ಅಡಗಿಸಿದೆ. ಇವತ್ತು ಇಲ್ಲಿ ರಾಮಾಯಣ ನಡೆಯುತ್ತದೆ ಅಂದುಕೊಂಡೆ.

ಅಜ್ಜಿ ಮರಳಿನಲ್ಲಿ ಕಾಲು ಹುಗಿಯುತ್ತ ಹೊಸ್ತಿಲ ಹತ್ತಿರ ಬಂದು ನಿಂತರು. ಇವರು ನೆಟ್ಟಗೆ ನಿಂತೇ ಇದ್ದರು, ತಲೆ ತಗ್ಗಿಸಲಿಲ್ಲ. "ಮನೆ ಹೊಸ್ತಿಲ ಅಂವ ದಾಟುದಿಲ್ಲೆ ಅತ್ತೆ. ನಾ ದಾಟ್ಸುದೂ ಇಲ್ಲೆ. ಆದ್ರೆ ಇದನ್ನ್ ಹಾರ್ಸ್ದೆ ಬಿಡುದಿಲ್ಲೆ," ಅಂದರು. ಅಜ್ಜಿ ಬಗ್ಗಿ ಶೇಡಿಯ ಗೆರೆಯನ್ನು ನೋಡಿದರು.

"ಶೇಡಿ ಹೀಂಗ್ ಬರಿಯುದಾ? ಕೋಳಿ ಕೆದ್ಕದ್ ಹಾಂಗ್ ಇತ್ತ್."

ಡಬ್ಬಿ ಕೇಳಿ ತೆಗೆದುಕೊಂಡು, ಮರಳಿನಲ್ಲಿ ಕೂತು, ಎಲ್ಲ ಒರೆಸಿ ಹೊಸದಾಗಿ ಬರೆದರು. ಗೆರೆಗೆ ಗೆರೆ ತಾಗಲಿಲ್ಲ. ಬರೆದು ಮುಗಿಸಿ ಕೈ ಒರೆಸಿಕೊಂಡು ಎದ್ದು, ಸೊಸೆಯ ಮುಖ ನೋಡಿದರು. "ನಮ್ಮ್ ಹೊಸ್ತಿಲಿಗ್ ಒಂದ್ ಮನಿ ಇತ್ತ್. ಇದ್ಕ್ ಮನಿ ಇಲ್ಲೆ. ಮನಿ ಇಲ್ದಿದ್ ಹೊಸ್ತಿಲ್ ಬರೀ ಮರ. ಹಾರ್ಸ್, ಅಡ್ಡಿಲ್ಲ."

ಅಜ್ಜಿ ನಿಂತು ನೋಡುತ್ತಿದ್ದದ್ದಕ್ಕೋ, ಅಷ್ಟು ವಾರಗಳ ದುಡಿತ ಪಕ್ವ ಆದದ್ದಕ್ಕೋ, ನಾನು ಹೇಳಲಾರೆ. ದಾಸು ಓಡಿ ಬಂದ, ನಿಂತ, ಕೂರಲಿಲ್ಲ. ಒಮ್ಮೆ ಅಜ್ಜಿಯನ್ನು ನೋಡಿದ, ಒಮ್ಮೆ ಇವರನ್ನು ನೋಡಿದ. "ಹಾರ್ ಮಗಾ." ಹಾರಿಯೇಬಿಟ್ಟ! ನಾನು ಸ್ಟಾಪ್‌ವಾಚನ್ನು ಮರಳಿಗೆ ಬಿಸಾಡಿ ಚಪ್ಪಾಳೆ ಹೊಡೆದೆ. ಅವರು ಸೀಟಿ ಊದಿದರು, ಆ ಉದ್ದಜಿಗಿತದ ಹುಡುಗಿಗೆ ಊದಿದ ಹಾಗೆಯೇ.

ಆ ವರ್ಷ ಬ್ರಹ್ಮಾವರದಲ್ಲೇ ಒಂದು ಸ್ಪರ್ಧೆ ಆಯಿತು. ಅಜ್ಜಿಯೂ ಬಂದರು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಮೂರನೆಯ ಜಿಗಿತಕ್ಕೆ ಅದೇ ಬಗೆಯ ಕೆಂಪು ಹಲಗೆ. ದಾಸು ಅದರ ಎದುರು ಒಂದು ಕ್ಷಣ ನಿಧಾನಿಸಿದ. ನಾನು ಕುರ್ಚಿಯಿಂದ ಎದ್ದು ನಿಂತೆ. ಅವರು ಕೂಗಲಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಮೆಲ್ಲಗೆ "ಹಾರ್ ಮಗಾ" ಅಂದರು. ಹಾರಿದ. ಟಯರು, ಕೊಳವೆ, ಕೋಲಿನ ಸಾಲು, ಎಲ್ಲ ಮುಗಿಸಿ ಗೆರೆ ದಾಟಿದ. ಒಂದೇ ಒಂದು ತಪ್ಪಿಲ್ಲ. ಹಲಗೆಯ ಹತ್ತಿರ ನಿಧಾನಿಸಿದ್ದರಿಂದ ಹೊತ್ತು ಹೋಯಿತು, ಕಪ್ಪು ಯಾರದೋ ಮಿರಮಿರ ಮಿಂಚುವ ಕರಿನಾಯಿಗೆ ಹೋಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಬೆವರು ಸುರಿಯುವ ಮುಖದಲ್ಲಿ ನನ್ನ ಹತ್ತಿರ ಬಂದು, "ತಪ್ಪಿಲ್ಲೆ ಅಲ್ದಾ? ಒಂದೂ ಇಲ್ಲೆ ಅಲ್ದಾ?" ಅಂತ ಮತ್ತೆ ಮತ್ತೆ ಕೇಳಿದರು. ಇಲ್ಲ ಟೀಚರೆ, ಒಂದೂ ಇಲ್ಲ.

ಸಂಜೆ ಮನೆಗೆ ಬಂದಾಗ ದಾಸು ಅಂಗಳದಿಂದ ಓಡಿ ಬಂದು ಹೊಸ್ತಿಲ ಎದುರು ಕೂತ. ಅಜ್ಜಿ ಮುಳ್ಳು ತೆಗೆದು ಅನ್ನ ಹಾಕಿದರು. ಇವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ತಪ್ಪಿಲ್ಲದೆ ಓಡಿದ್ದಕ್ಕಿಂತ ಅದೇ ಅವರಿಗೆ ದೊಡ್ಡದಿತ್ತು. ಆಮೇಲೂ ಎಷ್ಟೋ ಕಡೆ ಓಡಿದರು, ಸೋತರು, ಒಂದೆರಡು ಕಡೆ ಕಪ್ಪೂ ತಂದರು. ದಾಸುವಿನ ಮೂತಿ ಬೆಳ್ಳಗಾಯಿತು, ಇವರ ಮಂಡಿ ನೋವು ಶುರುವಾಯಿತು, ಭಾನುವಾರ ಮಾತ್ರ ತಪ್ಪಲಿಲ್ಲ. ದಾಸು ಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟಲಿಲ್ಲ.

ಈ ಸಲದ ಸೋಣೆ ತಿಂಗಳಲ್ಲಿ ಒಂದು ಬೆಳಿಗ್ಗೆ, ಅಜ್ಜಿ ಹೊಸ್ತಿಲು ಬರೆದು ಏಳುವಷ್ಟರಲ್ಲಿ, ಒಳಗೆ ಚಾ ಮಾಡುತ್ತಿದ್ದ ಟೀಚರು ಕುಸಿದು ಬಿದ್ದರಂತೆ. ಎದೆನೋವು. ಆಸ್ಪತ್ರೆಗೆ ಒಯ್ಯುವ ಹೊತ್ತೂ ಸಿಗಲಿಲ್ಲ.

ನಾನು ಹೋದಾಗ ಚಾವಡಿಯಲ್ಲಿ ಮಲಗಿಸಿದ್ದರು. ಗಂಡ, ಮಗಳು ಪುಣೆಯಿಂದ ಹೊರಟಿದ್ದರು. ಅಂಗಳದ ತುಂಬ ಜನ, ಅವರ ಕೈಯಲ್ಲಿ ಓಟ ಕಲಿತ ಹೆಣ್ಣುಮಕ್ಕಳೇ ಹೆಚ್ಚು. ಹೊಸ್ತಿಲ ಆಚೆ ದಾಸು ಕೂತಿದ್ದ, ನೆಟ್ಟಗೆ, ಒಳಗಿನ ಮುಖವನ್ನೇ ನೋಡುತ್ತ. ಬಾಲ ಆಡುತ್ತಿರಲಿಲ್ಲ. ಯಾರೋ "ಹಚಾ" ಅಂತ ಓಡಿಸುವುದಕ್ಕೆ ಹೋದರು. ಅವನು ಅಲುಗಲಿಲ್ಲ, ಒಳಗೂ ಬರಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ಅವನಿಗೆ ಗೊತ್ತಿತ್ತಲ್ಲ. ನಾನು ಅವನ ಪಕ್ಕದಲ್ಲೇ ನಿಂತೆ. ಹೆದರಿಕೆ ಆಗಲಿಲ್ಲ.

ಸೊಸೆಯ ತಲೆಯ ಹತ್ತಿರ ಕೂತಿದ್ದ ಅಜ್ಜಿ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಬಂದು, ಬೆಳಿಗ್ಗೆ ತಾವೇ ಶೇಡಿ ಬರೆದು ಹೂವಿಟ್ಟಿದ್ದ ಹೊಸ್ತಿಲ ಈಚೆ, ಅನ್ನ ಹಾಕುವಾಗ ನಿಲ್ಲುವ ಜಾಗದಲ್ಲೇ ನಿಂತರು.

"ಇವತ್ತ್ ಈ ಹೊಸ್ತಿಲಿಗೂ ಮನಿ ಇಲ್ಲೆ," ಅಂದರು. "ಹಾರ್ ಮಗಾ."

ದಾಸು ಎದ್ದ. ಮುದಿ ಕಾಲುಗಳನ್ನು ಹಿಂದಕ್ಕೆಳೆದು ಮೈ ಕೂಡಿಸಿಕೊಂಡ. ಹಾರಿದ. ಹೂ ಅಲುಗಲಿಲ್ಲ, ಶೇಡಿಯ ಒಂದು ಗೆರೆಯೂ ಅಳಿಯಲಿಲ್ಲ.